ಪಕಾರದ ಪಾಠ

ಬೆತೆಸ್ಡಾದ ಚಿಕಿತ್ಸಾ ಕೋಣೆ. ಮಂಗಳವಾರ, ಹನ್ನೊಂದು ಗಂಟೆ.
ಕಿಟಕಿಯಾಚೆ ಕಲ್ಲುಹಲಗೆಯ ಗಣಿ, ನೇರಳೆ ಬೆರೆತ ಬೂದು,
ಗುಡ್ಡದ ಒಂದು ಪಕ್ಕೆ ಕೊಯ್ದು ತೆಗೆದ ಹಾಗೆ.
ನೆಸ್ಟಾ ಪ್ರಿಚರ್ಡ್, ಎಂಬತ್ತೊಂದು ವರ್ಷ.
ಪಾರ್ಶ್ವವಾಯು ಬಡಿದು ಆರು ವಾರ.
ನನ್ನ ಕೈಯಲ್ಲಿ ಕನ್ನಡಿ, ಅವಳ ತುಟಿಯೆದುರು
ಒಂದು ಚೂರು ಟಿಶ್ಯೂ ಕಾಗದ.
ಪ ಅನ್ನಿ. ಕಾಗದ ಹಾರಬೇಕು.

ಹಾರಲಿಲ್ಲ.
ಕೆಳದುಟಿ ಮೇಲ್ದುಟಿಯನ್ನು ಮುಟ್ಟುವ ಮೊದಲೇ
ಉಸಿರು ಸಂದಿಯಿಂದ ನುಸುಳಿಬಿಟ್ಟಿತು.
ಕನ್ನಡಿ ಮಸುಕು. ಹ.

ಗಂಡನ ಹೆಸರು ಹೇಳಿ ನೋಡೋಣ, ಅಂದೆ.
ಪೆಡ್ರ್ ಅಂತೆ. ತೀರಿಕೊಂಡು ಹತ್ತೊಂಬತ್ತು ವರ್ಷ.
ಹೆಡ್ರ್, ಅಂದಳು.
ಮತ್ತೆ, ಜೋರಾಗಿ, ಹೆಡ್ರ್.
ತಮ್ಮ ಈವೊರ್ ಟೊಪ್ಪಿಯ ಅಂಚು ತಿರುವತೊಡಗಿದ.

ನನಗೆ ನಗು ಬರಬಾರದಿತ್ತು. ಬಂದದ್ದು ನಗುವೂ ಅಲ್ಲ.
ನಮ್ಮ ನುಡಿಗೂ ಆದದ್ದು ಇದೇ ತಾನೆ:
ಪಾಲ್ ಹಾಲಾಯಿತು, ಪೂ ಹೂವಾಯಿತು, ಪಗಲ್ ಹಗಲು.
ನೂರಾರು ವರ್ಷ ಹಿಡಿಯಿತು, ಯಾರಿಗೂ ನೋಯಲಿಲ್ಲ.
ಇವಳಿಗೆ ಒಂದೇ ರಾತ್ರಿಯಲ್ಲಿ.

ತುಟಿ ಕೂಡದೆ ಬರುವ ಮಾತು ಯಾವುದಾದರೂ?
ತಡವರಿಸದೆ ಅಂದಳು: ಹಿರಾಯ್ಥ್.
ಪ ಇಲ್ಲ, ಬ ಇಲ್ಲ, ಮ ಇಲ್ಲ,
ತುಟಿಗೆ ಕೆಲಸವೇ ಇಲ್ಲದ ಪದ.

ಅರ್ಥ ಕೇಳಿದ್ದಕ್ಕೆ ಈವೊರ್ ಪೆನ್ಸಿಲ್ಲು ತೆಗೆದು
ಬಸ್ಸಿನ ಚೀಟಿಯ ಹಿಂದೆ ಬರೆದ.
ಹಿರ್, ಉದ್ದ. ಆಯ್ಥ್, ನೋವು. ಪುಸ್ತಕದಲ್ಲಿ ಹೀಗಿದೆ.
ಆಮೇಲೆ ತನ್ನಷ್ಟಕ್ಕೆ:
ಆಯ್ಥ್ ಅಂದರೆ ಹೋದ ಅಂತಲೂ ಆಗುತ್ತೆ.
ನಲವತ್ತು ವರ್ಷ ಹಲಗೆ ಸೀಳಿದ ಕೈ,
ಪದವನ್ನೂ ಎಳೆ ನೋಡಿಯೇ ಸೀಳುತ್ತದೆ.

(ನಮ್ಮ ಹಿರಿಗೂ ಅವರ ಹಿರ್‌ಗೂ ನೆಂಟಸ್ತನವಿಲ್ಲ, ಗೊತ್ತು.
ಕಿವಿ ಮಾತ್ರ ಬೀಗತನಕ್ಕೆ ಎದ್ದು ನಿಂತಿತು.
ನಮ್ಮ ಹೋದ ಕೂಡ ಮೊದಲು ಪೋದಂ.)

ನಿಮ್ಮಲ್ಲಿ? ಕಣ್ಣಲ್ಲೇ ಕೇಳಿದಳು ನೆಸ್ಟಾ.
ಹಂಬಲ, ಅಂದೆ.
ಎಷ್ಟು ವರ್ಷವಾಗಿತ್ತೋ ಅದನ್ನು ಬಾಯಿಬಿಟ್ಟು ಹೇಳಿ.
ಹಳಗನ್ನಡದಲ್ಲಿ ಪಂಬಲ್.
ಪ ಅನ್ನಲು ಎರಡು ತುಟಿ
ಒಂದನ್ನೊಂದು ಮುಟ್ಟಬೇಕು.
ಹ ಅನ್ನಲು ಯಾರೂ ಬೇಕಿಲ್ಲ.

ಅವಳೂ ಅಂದು ನೋಡಿದಳು: ಹ... ಲ.
ನಡುವಿನದು ಉದುರಿತ್ತು.

ವರದಿಯಲ್ಲಿ ಬರೆದೆ: ಪ, ಬ, ಮ ಇಲ್ಲ.
ಹ ಇದೆ. ಮುಂದಿನ ಮಂಗಳವಾರ ಬರತಕ್ಕದ್ದು.
ಕನ್ನಡಿ ಒರೆಸಲು ಬಟ್ಟೆ ಹುಡುಕಿದೆ, ಒರೆಸಲಿಲ್ಲ.
ಅದರ ಮೇಲಿನ ಉಸಿರು ತಾನಾಗಿ ಆರುವ ತನಕ
ಈವೊರ್ ಟೊಪ್ಪಿ ಹಾಕಿಕೊಳ್ಳಲಿಲ್ಲ.