ವಹಿಯ ಹಿಂದಿನ ಹಾಳಿ

ಮುಂದಿನಿಂದ ಸಾಲಿ ಗಣಿತ,
ಹಿಂದಿನಿಂದ ಅಪ್ಪನ ಜೀಪಿನ ಲೆಕ್ಕ.
ಒಂದೇ ವಹಿ. ಹೊಸಾದು ದೀಪಾವಳಿ ಆದಮ್ಯಾಲ ಅಂದಾರ.

ಒಂಬತ್ತು ಮಂದಿ ಕೂಡೋ ಜೀಪಿನ್ಯಾಗ
ಅಕ್ಕಲಕೋಟದಿಂದ ಹದಿನೇಳು ಮಂದಿ,
ಎರಡು ಕೋಳಿ, ಹಿಟ್ಟಿನ ಗಿರಣಿಯ ಒಂದು ಬೆಲ್ಟು.
ಹಿಂದ ಜೋತು ಬಿದ್ದವರಿಗೆ ಐದು ರೂಪಾಯಿ ಕಡಿಮಿ.
ಡಿಸೇಲು ಕಳಿ. ನಾಕಾದಾಗ ಕೊಟ್ಟದ್ದು ಕಳಿ.
ಅದನ್ನ ಏನಂತ ಬರೀಲಿ ಅಂದರ
‘ಚಹಾ’ ಅಂತ ಬರಿ ಅಂದ ಅಪ್ಪ.
ಇವತ್ತು ನೂರೈವತ್ತು ರೂಪಾಯಿ ಚಹಾ.
ಈ ಲೆಕ್ಕದಾಗ ನಾ ಒಮ್ಮಿನೂ ತಪ್ಪಿಲ್ಲ.

ತಪ್ಪೋದು ಮುಂದಿನ ಹಾಳಿಯೊಳಗ.
ಒಂದು ನಳ ತೊಟ್ಟಿ ತುಂಬತದ, ಇನ್ನೊಂದು ಖಾಲಿ ಮಾಡತದ,
ಎಷ್ಟು ತಾಸಿಗೆ ತುಂಬೀತು?
ನಳ ಎಂಟು ದಿನಕ್ಕೊಮ್ಮೆ ಬರೋದೋ, ಹತ್ತಕ್ಕೋ,
ಅದನ್ನ ಕೊಟ್ಟೇ ಇಲ್ಲ.
ಹತ್ತೂರೆ ಸರ್ ಕೆಂಪು ಪೆನ್ನು ತೆಗೀತಾರ:
ಇಪ್ಪತ್ತಕ್ಕ ಏಳು.

ಮನ್ಯಾಗ ಮಾತ್ರ ನಾನ ಶಾಣ್ಯಾಕಿ.
ಲೈಟ್ ಬಿಲ್ಲು ಬಂದರ ಅವ್ವ ಕೈ ಒರಸಿಕೊಂಡು ತರತಾಳ.
ಬಿಲ್ಲು ಮರಾಠಿ, ಅವ್ವ ಕನ್ನಡ,
ನಡುವ ನಾನು.
ಅಪ್ಪ ಮರಾಠಿಯೊಳಗ ಜಗಳಾಡತಾನ, ಚೌಕಾಸಿ ಮಾಡತಾನ,
ಓದಾಕ ಮಾತ್ರ ಯಾವ ಭಾಷಾನೂ ಬರೂದಿಲ್ಲ.
ಕಾಗದ ಹಿಡಕೊಂಡು ನಾ ನಿಂತರ
ಎಲ್ಲಾರೂ ನನ್ನ ಬಾಯಿ ನೋಡತಾರ,
ಡಾಕ್ಟರನ್ನ ನೋಡಿದಂಗ.

ಹೋದ ವಾರ ‘ನನ್ನ ಕುಟುಂಬ’ ನಿಬಂಧ.
ಅಕ್ಕನ ಬಗ್ಗೆ ಬರದೆ: ಸುಗಲಾ. ಏಳನೇ ಪಾಸು.
ಶೇಂಗಾ ಹಿಂಡಿ ಪಾಕೀಟು ತುಂಬೂ ಕೆಲಸಕ್ಕ ಹೋಗತಾಳ.
ಖಾರದ ಕೈಲೆ ನನ್ನ ಜಡಿ ಮುಟ್ಟೂದಿಲ್ಲ,
ಐತವಾರ ಮಾತ್ರ ಹಾಕತಾಳ.
ಸರ್ ‘ಪಾಸು’ ಹೊಡೆದು ‘ತೇರ್ಗಡೆ’ ಅಂತ ಬರದರು.
ಉಳಿದದ್ದಕ್ಕ ಬರೋಬ್ಬರಿ ಗುರುತು.

ನಮ್ಮ ಕನ್ನಡ ಸಾಲಿ ಏಳಕ್ಕೇ ಮುಗೀತದ.
ಮುಂದ ಮರಾಠಿ ಹೈಸ್ಕೂಲು, ಜೀಪಿನ ಹಾದಿ.
ಅಕ್ಕ ಯಾಕ ಹೋಗಲಿಲ್ಲ ಅಂದರ
ಫೀ ಭಾಳ ಇತ್ತವಾ ಅಂತಾಳ ಅವ್ವ.

ನಿನ್ನೆ ನನ್ನ ಆಧಾರ್ ಕಾರ್ಡು ಹುಡುಕಾಕ
ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲ ಸುರುವಿದೆ.
ತಮ್ಮ ಧರೆಪ್ಪನ ಲಸಿಕಿ ಚೀಟಿ, ಜೀಪಿನ ಹಳೇ ವಿಮಾ,
ನಾಕ ಮಡಿಕಿ ಮಾಡಿದ ಒಂದು ಪತ್ರ,
ಹೈಸ್ಕೂಲಿಂದು, ಅಕ್ಕನ ಹೆಸರಿಗೆ.
ಮೂರನೇ ಸಾಲು: ಮುಲೀಂನಾ ಫೀ ನಾಹೀ.
ಹುಡುಗ್ಯಾರಿಗೆ ಫೀ ಇಲ್ಲ.
ಎರಡು ಸಲ ಓದಿದೆ.
ಮಡಿಕಿಯ ಮ್ಯಾಲ ಅಕ್ಷರ ಅಳಸ್ಯಾವೇನು ಅಂತ
ಬೆಳಕಿಗೆ ಹಿಡದು ನೋಡಿದೆ.
ಅಳಸಿಲ್ಲ.

ಆ ವರ್ಷ ಈ ಮನ್ಯಾಗ ಕಾಗದ ಓದುವಾಕಿ
ಅಕ್ಕ ಒಬ್ಬಾಕೀನೇ.
ನಾನು ಮೂರನೇತ್ತೆ. ಅವ್ವ ಧರೆಪ್ಪನ್ನ ಹಡದು ಬಾಣಂತಿ,
ಜೀಪಿನ ಹಪ್ತೆ ಮೂರು ಬಾಕಿ.
ಎಲ್ಲಾರೂ ಅಕ್ಕನ ಬಾಯಿ ನೋಡಿರಬೇಕು.

ಇವತ್ತು ಐತವಾರ. ಜಡಿ ಹಾಕೂ ಮುಂದ ಕೇಳೇಬಿಟ್ಟೆ.
ಹಣಿಗಿ ಒಂದೀಟು ನಿಂತಿತು.
‘ನನಗ ಮರಾಠಿ ಛಲೋ ಬರ್ತಿರಲಿಲ್ಲ ಆಗ,
ತಪ್ಪು ಓದಿರಬೇಕು’ ಅಂದಳು.
ಆಮ್ಯಾಲ ಜಗ್ಗಿ ಹೆಣದಳು, ನೋವಾಗೂವಂಗ.

ಅದೇ ಚೀಲದಾಗ ಆಕಿಯ ಏಳನೇತ್ತೆ ಮಾರ್ಕಿನ ಕಾಗದಾನೂ ಇತ್ತು.
ಮರಾಠಿ: ನೂರಕ್ಕ ತೊಂಬತ್ತಾರು.
ಅದನ್ನ ನಾ ಹೇಳಲಿಲ್ಲ.

ಪರೀಕ್ಷಾ ಆದಮ್ಯಾಲ ನನ್ನ ಹೆಸರಿಗೂ ಒಂದು ಪತ್ರ ಬರ್ತದ.
ಓದುವಾಕಿ ನಾನ.
ಮಗ್ಗಲದಾಗ ಅಕ್ಕ ಕೂತಿರತಾಳ,
ಆಕಿಗೂ ಓದಾಕ ಬರ್ತದ.

ಹೊರಗ ಧರೆಪ್ಪ ಚೀರತಾನ, ಜೀಪು ಬಂತು ಅಂತ.
ತೊಟ್ಟಿ ಇನ್ನೂ ತುಂಬಿಲ್ಲ,
ವಹಿ ತಿರುವಿ ಹಿಂದಿನಿಂದ ತೆಗದೆ.
ಹತ್ತೊಂಬತ್ತು ಮಂದಿ. ಒಂದು ಹೋತ.
ಚಹಾ, ಎರಡು ನೂರು.