ಒಂದೇ ಹಲಗೆಯವರು

ಎಪ್ಪತ್ತೊಂದರ ಡಿಸೆಂಬರ್. ಜೆಪ್ಪುವಿನ ನಮ್ಮ ಮನೆಯ
ಕಿಟಕಿಗಳಿಗೆ ಅಮ್ಮ ಗಂಜಿ ಸವರಿ
ಕಪ್ಪು ಕಾಗದ ಅಂಟಿಸಿದಳು.
ಹೆಂಚಿನ ಕಾರ್ಖಾನೆಯ ಸೀಟಿ ಆ ವಾರವೆಲ್ಲ
ಕೆಮ್ಮು ಅದುಮಿಕೊಂಡವರ ಹಾಗೆ ಕೂಗುತ್ತಿತ್ತು.
ಆಲ್ತಾರಿನ ಮುಂದೆ ಒಂದೇ ಮೇಣದಬತ್ತಿ,
ಅದಕ್ಕೂ ಬಿಸ್ಕತ್ತು ಡಬ್ಬಿಯ ಮರೆ.
ತೇರ್ಸು ಮುಗಿದ ಮೇಲೆ ಏಳು ವರ್ಷದ ನಾನು
ನನ್ನದೇ ಒಂದು ಬೇಡಿಕೆ ಸೇರಿಸಿದೆ, ಗುಟ್ಟಾಗಿ:
ಶತ್ರುಗಳ ಹಡಗೆಲ್ಲ ಮುಳುಗಲಿ,
ಹಡಗಿನೊಳಗಿನವರು ಕೂಡ.

ಅದೇ ರಾತ್ರಿ ಮಸ್ಕತ್ತಿನ ಹೊರಗೆಲ್ಲೋ
ಅಪ್ಪನ ಹಡಗು ಇದ್ದಬದ್ದ ದೀಪವನ್ನೆಲ್ಲ ಹೊತ್ತಿಸಿ ನಿಂತಿತ್ತು,
ಮದುವೆಮನೆಯ ಹಾಗೆ.
ಪನಾಮಾದ ಹಡಗು, ಯಾರ ಕಡೆಯೂ ಅಲ್ಲದ್ದು.
ಯಾರ ಕಡೆಯೂ ಅಲ್ಲದವ ಕತ್ತಲಲ್ಲಿ ನಿಲ್ಲಬಾರದು,
ಪಕ್ಕೆಯ ಮೇಲೆ ಬಾವುಟ ಬರೆಯಿರಿ, ಮುಗಿಲಿಗೆ ಕಾಣುವಷ್ಟು ದೊಡ್ಡದು
ಎಂದನಂತೆ ಕಪ್ತಾನ.

ಬೆಳಿಗ್ಗೆ ಎರಡು ಹಗ್ಗಕ್ಕೆ ಒಂದು ಹಲಗೆ ಇಳಿಯಿತು.
ಈ ತುದಿಗೆ ಜೆಪ್ಪುವಿನ ಲಿಗೋರಿ ಪಿರೇರಾ, ನನ್ನಪ್ಪ.
ಆ ತುದಿಗೆ ಕರಾಚಿಯ ಕಯ್ತಾನ್ ಫುರ್ಟಾಡೊ.
ಅವನಜ್ಜ ಗೋವೆಯಿಂದ ಹೋದವ. ಬಾಯಲ್ಲಿ ಕೊಂಕಣಿ.
ಮೀನಿಗೆ ಅಪ್ಪ ಮಾಸ್ಳಿ ಅಂದರೆ ಅವನು ನುಸ್ತೆಂ;
ಆ ಒಂದು ಶಬ್ದಕ್ಕೆ ಮೂರು ವರ್ಷ ಜಗಳವಾಡಿದ್ದರು.
ರೇಡಿಯೋ ಯುದ್ಧ ಅಂದ ಗಳಿಗೆಯಿಂದ
ಜಗಳ ನಿಂತಿತ್ತು.

ಹಲಗೆಗೆ ಮಾತಿಲ್ಲದೆ ನಡೆಯದು.
ಒಬ್ಬ ಒಂದು ಗೇಣು ಹಗ್ಗ ಬಿಟ್ಟರೆ
ಇನ್ನೊಬ್ಬನೂ ಅದೇ ಗೇಣು ಬಿಡಬೇಕು.
ಅವಸರಪಟ್ಟರೆ ಇಬ್ಬರೂ ನೀರಿಗೆ.
ಬಿಡು.
ಬಿಟ್ಟೆ.
ಸಾಕು.
ಇಷ್ಟರಲ್ಲೇ ಒಂದು ಹಗಲು ಹೋಯಿತು.
ನೀಲಿ ನಕ್ಷತ್ರ ಅಪ್ಪನದು, ಕೆಂಪು ಕಯ್ತಾನನದು;
ಆ ದೇಶವನ್ನು ಇಬ್ಬರೂ ಕಂಡವರಲ್ಲ.
ಅಪ್ಪನ ನಕ್ಷತ್ರಕ್ಕೆ ಹೇಗೋ ಆರು ಮೂಲೆ ಬಂತು.
"ಬಾಂಬು ಹಾಕುವವ ಎಣಿಸಿ ನೋಡಿದರೆ ನಾವು ಕೆಟ್ಟೆವು"
ಅಂದ ಕಯ್ತಾನ್, ಕುಂಚ ಒರಸುತ್ತ.
ಯುದ್ಧ ಶುರುವಾದ ಮೇಲೆ
ಅವರ ನಡುವಿನ ಮೊದಲ ಇಡೀ ವಾಕ್ಯ.

ಆಮೇಲಿನ ಕಾಗದಗಳು ಬಹರೈನಿನ ಸೋದರಳಿಯನ ಕೈದಾಟಿ ಬಂದವು.
ಕೆಲವು ಬರಲಿಲ್ಲ.

ಎಂಬತ್ತೊಂಬತ್ತರಲ್ಲಿ ಅವನಿಗೆ ವೀಸಾ ಸಿಕ್ಕಿತು:
ಒಂದು ಊರು, ಹದಿನಾಲ್ಕು ದಿನ.
ಪೊಲೀಸ್ ಕಚೇರಿಯ ನಮೂನೆಯಲ್ಲಿ 'ಸಂಬಂಧ' ಅಂತ ಒಂದು ಖಾನೆ.
ಹೆಡ್ ಕಾನ್‌ಸ್ಟೇಬಲ್ ದೂಮಣ್ಣ ಮೂಲ್ಯರು ಪೆನ್ನು ಎತ್ತಿ ಕಾದರು.
ಅಣ್ಣತಮ್ಮನೋ? ಭಾವನೋ? ವ್ಯಾಪಾರವೋ?
ಅಪ್ಪ ಬಹಳ ಹೊತ್ತು ಯೋಚಿಸಿ
ತುಳುವಿನಲ್ಲಿ ಹೇಳಿದ, ನಾವು ಒಂದೇ ಹಲಗೆಯವರು.
ಮೂಲ್ಯರು ತಲೆಯಾಡಿಸಿ ಬರೆದುಕೊಂಡರು:
ಬಡಗಿ ಕೆಲಸ.

ಆ ರಾತ್ರಿ ಊಟದ ನಡುವೆ ಕರೆಂಟು ಹೋಯಿತು.
"ಬ್ಲ್ಯಾಕ್‌ಔಟ್" ಅಂದ ಕಯ್ತಾನ್. ಯಾರೂ ನಗಲಿಲ್ಲ.
ಕಿಟಕಿಯ ಗಾಜಿನ ಅಂಚಿಗೆ
ಅಮ್ಮನ ಗಂಜಿಯ ಕಲೆ ಇನ್ನೂ ಇತ್ತು; ನಾನೊಬ್ಬಳೇ ಬಲ್ಲೆ.
ಕತ್ತಲೆಂದು ಧೈರ್ಯ ಬಂತೋ ಏನೋ,
ಏಳು ವರ್ಷದವಳ ಬೇಡಿಕೆಯನ್ನು
ಇಪ್ಪತ್ತೈದರಲ್ಲಿ ಅವನಿಗೆ ಒಪ್ಪಿಸಿದೆ.
ಕಾಣೆಮೀನಿನ ಮುಳ್ಳು ಬಿಡಿಸುವ ಸದ್ದು ನಿಂತಿತು.
"ನನ್ನ ಫಿಲೊಮಿನಾಳೂ ಕೇಳಿದ್ದಳು," ಅಂದ.
"ಅವಳದು ಸ್ವಲ್ಪ ಜೋರು.
ಪಕ್ಕದ ಮನೆಗೂ ಕೇಳಿಸಿತಂತೆ."

ಮುಳ್ಳಿನ ಸದ್ದು ಮತ್ತೆ ಶುರುವಾಯಿತು.
ಅಮ್ಮ ತಡಕಾಡಿ ಸೌಟು ಹುಡುಕಿ
ಅವನ ಬಟ್ಟಲಿಗೆ ಬಾಗಿದಳು.
"ಇನ್ನೊಂದು ತುಂಡು ನುಸ್ತೆಂ ಹಾಕಲೇ?"
ಮೂವತ್ತು ವರ್ಷದ ಸಂಸಾರದಲ್ಲಿ
ಆ ಶಬ್ದ ಅವಳ ಬಾಯಿಂದ ಬಂದದ್ದು ಅದೇ ಮೊದಲು.

"ಮಾಸ್ಳಿ,"
ಅಂದ ಅಪ್ಪ, ಮೇಜಿನ ಆ ತುದಿಯ ಕತ್ತಲಿಂದ.