ದಿನಕ್ಕೆ ನಾಲ್ಕೆಲೆ

ಅವ್ವನ ಎದೆಯಲ್ಲಿ ಈಗ ಲೋಹದ ಕದವೊಂದಿದೆ.
ರಾತ್ರಿ ಒಲೆಯ ಕೆಂಡ ಮಂಕಾದ ಮೇಲೆ
ಗೋಡೆಯಾಚೆ ಮಲಗಿದ ನನಗೂ ಕೇಳುತ್ತದೆ: ಟಿಕ್, ಟಿಕ್.
ಮೊದಲ ವಾರ ಗಡಿಯಾರವೆಂದೇ ತಿಳಿದು
ಅದರ ಸೆಲ್ ಕಿತ್ತಿಟ್ಟಿದ್ದೆ.

ಕದ ಅಂಟಿಕೊಳ್ಳದಂತೆ ದಿನವೂ ಒಂದು ಮಾತ್ರೆ.
ರಕ್ತ ಹೆಪ್ಪುಗಟ್ಟಬಾರದು, ನೀರೂ ಆಗಬಾರದು.
ಎರಡೂವರೆಗೂ ಮೂರೂವರೆಗೂ ನಡುವಿನ
ಇಕ್ಕಟ್ಟು ಓಣಿಯಲ್ಲಿ ಅಂಕೆ ನಡೆಯಬೇಕು.
ಮೂರು ತಿಂಗಳು ಮಾತ್ರೆ ಅರ್ಧರ್ಧ ಏರಿಸಿ
ಕೊನೆಗೂ ಅದು ಓಣಿಗೆ ಬಂದು ಕೂತಿತು.

ರಿಝೆಯ ಮೇಲಿನ ಈ ಇಳಿಜಾರಿನಲ್ಲಿ
ಚಹಾ ಸಾಲು ಹೊಸ್ತಿಲವರೆಗೆ ಬಂದು ನಿಂತಿದೆ.
ಉಳಿದ ಅಂಗೈಯಗಲ ಹಿತ್ತಲೆಲ್ಲ ಲಹನ:
ಕೋಸಿನ ಕುಲ, ಗಡ್ಡೆ ಕಟ್ಟದ ಜಾತಿ,
ಕಪ್ಪಿಗೆ ತಿರುಗಿದ ಹಸಿರು, ಮೊರದಗಲ ಎಲೆ.
ಬೆಳಗ್ಗೆ ಮೆಕ್ಕೆಜೋಳದ ಹಿಟ್ಟು ಕದಡಿದ ಸಾರು,
ಮಧ್ಯಾಹ್ನ ಅಕ್ಕಿ ಸುತ್ತಿದ ಎಲೆಯ ಸುರುಳಿ,
ರಾತ್ರಿ ಬೆರಳುದ್ದದ ಮೀನಿನ ಪಕ್ಕ ಮತ್ತದೇ.
ಅರವತ್ತೆಂಟು ವರ್ಷ ಅವ್ವ ಉಂಡದ್ದು ಇದನ್ನೇ.
ಹೃದಯ ಕೆಟ್ಟದ್ದು ಹುಡುಗಿಯಾಗಿದ್ದಾಗಿನ ಜ್ವರಕ್ಕೆ.

ಚಹಾ ತೂಗುವ ಕಟ್ಟೆಯಲ್ಲಿ ಸೆವಿಮ್ ಹೇಳಿದಳು:
"ಆ ಮಾತ್ರೆಗೆ ಹಸಿರು ಅಂದರೆ ವಿಷ,
ನನ್ನ ಮಾವನಿಗೆ ಹಾಗೇ ಆಯಿತು."
ಏನಾಯಿತು ಎಂದು ಕೇಳಲೂ ಇಲ್ಲ ನಾನು.
ಬುಟ್ಟಿ ಅಲ್ಲೇ ಬಿಟ್ಟು ಬಂದು
ಕುಡುಗೋಲು ಹಿಡಿದು ನಲವತ್ತು ಬುಡ ಕೊಯ್ದೆ,
ಹಸುವಿನ ಮುಂದೆ ಸುರಿದೆ.
ಅವ್ವ ಕಿಟಕಿಯಲ್ಲಿ ನಿಂತು ನೋಡಿದಳು,
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅನ್ನ, ಮೊಸರು, ಬಿಳಿ ಬೀನ್ಸು, ಆಲೂಗಡ್ಡೆ.
ತಟ್ಟೆಯೂ ಆಸ್ಪತ್ರೆಯ ಬಣ್ಣಕ್ಕೆ ತಿರುಗಿತು.
ಎರಡು ವಾರಕ್ಕೆ ರೊಟ್ಟಿಯ ಅಂಚಿನಲ್ಲಿ ಕೆಂಪು,
ವಸಡಿನದು.
ಬುಟ್ಟಿಯ ಪಟ್ಟಿ ತಗುಲಿದಲ್ಲಿ, ಹೆಗಲಿನಿಂದ ಮೊಳಕೈವರೆಗೆ
ನೇರಳೆಹಣ್ಣು ಜಜ್ಜಿದ ಹಾಗೆ.
ಅಂಕೆ ಆರು ದಾಟಿತ್ತು.

ನರ್ಸ್ ಗುಲ್ತೆನ್ ಮಾತ್ರೆ ನಿಲ್ಲಿಸಿ, ಡಾಕ್ಟರಿಗೆ ಫೋನು ಹಚ್ಚಿ,
ಏನು ತಿಂದಿರಿ ಎನ್ನಲಿಲ್ಲ.
"ಝೆಕಿಯೆ ತೆಯ್ಝೆ, ಏನು ಬಿಟ್ಟಿರಿ?"
ಅವ್ವ ನನ್ನತ್ತ ಗದ್ದ ತಿರುಗಿಸಿದಳು:
"ಇವಳನ್ನು ಕೇಳು. ನನ್ನ ಪಾಲನ್ನು ಹಸು ತಿಂದಿದೆ.
ಅದರ ರಕ್ತ ನೋಡಿ, ಅಂಕೆ ಚೆನ್ನಾಗಿರಬೇಕು."

ಗುಲ್ತೆನ್ ನಗು ಮುಗಿಸಿ ನನ್ನ ಕಡೆಗೆ ಕೂತಳು.
"ಹಗ್ಗದ ಒಂದು ತುದಿ ಎಲೆ, ಒಂದು ತುದಿ ಮಾತ್ರೆ.
ಎಲೆ ಎಳೆಯುವಷ್ಟಕ್ಕೇ ಮಾತ್ರೆ ಅಳೆದಿದ್ದೆವು.
ನೀನು ಒಂದು ಕಡೆಯವರನ್ನೆಲ್ಲ ಮನೆಗೆ ಕಳಿಸಿದೆ;
ಇನ್ನೊಂದು ಕಡೆ ಹಿಂದಕ್ಕೆ ಬೀಳದೆ ಏನು ಮಾಡೀತು?
ತಿನ್ನಲಿ. ನಿನ್ನೆಯಷ್ಟೇ ಇವತ್ತು, ಇವತ್ತಿನಷ್ಟೇ ನಾಳೆ."

ಹಿತ್ತಲಲ್ಲಿ ಬರಿ ಕೂಳೆ.
ಸೆವಿಮ್ ಮನೆಯಿಂದಲೇ ಎರವಲು ತಂದೆ.
ದಿನಕ್ಕೆ ನಾಲ್ಕೆಲೆ.
ಹಬ್ಬಕ್ಕೆ ಬಂದ ನೆಂಟರ ನಡುವೆ
ಸುರುಳಿಗಳ ತಟ್ಟೆ ಎರಡನೇ ಸುತ್ತು ಬಂದಾಗ
ಅವ್ವ ಎರಡೂ ಕೈ ತೊಡೆಗಳ ಕೆಳಗೆ ಇಟ್ಟುಕೊಂಡಳು,
ಶಾಲೆಯ ಹುಡುಗಿಯಂತೆ.
ಹಿಮ ತಾಗಿದ ಲಹನ ಸಿಹಿ ಎನ್ನುತ್ತಾರೆ;
ಆ ತಿಂಗಳು ಕಷ್ಟ.

ಇವತ್ತು ಚಿಗುರಿದ ಕೂಳೆಯಿಂದ ಮೊದಲ ಕೊಯ್ಲು.
ಎಲೆ ಸಣ್ಣವು, ಅಂಗೈಗಿಂತ ಕಿರಿದು.
"ಇಂಥವಾದರೆ ಎಷ್ಟು?" ಎಂದಳು ಅವ್ವ,
ಒಂದನ್ನು ಬೆಳಕಿಗೆ ಹಿಡಿದು.
ಆರು ಎನ್ನಲು ಬಾಯಿ ತೆರೆದವಳು
ಮುಚ್ಚಿದೆ.
ಮಣ್ಣುಗೈಯಲ್ಲೇ ಫೋನು ತೆಗೆದೆ,
ಗುಲ್ತೆನಳನ್ನು ಕೇಳಲು.